ಮಂಗಳೂರು ಬನ್ಸ್ ಮನೆಯಲ್ಲಿ ಸರಿಯಾಗಿ ಬರಬೇಕಾದರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹೊರಗೆ ಕಪ್ಪಗೆ, ಒಳಗೆ ಹಸಿ. ಇಲ್ಲವೇ ಉಬ್ಬದೆ ಚಪ್ಪಟೆ. ಇಲ್ಲವೇ ಮುರಿದರೆ ಕೈಗೆಲ್ಲ ಎಣ್ಣೆ. ಮನೆಯಲ್ಲಿ ಮಂಗಳೂರು ಬನ್ಸ್ ಮಾಡಲು ಹೋಗಿ ಕೈಬಿಟ್ಟವರು ಹೇಳುವುದು ಹೆಚ್ಚುಕಮ್ಮಿ ಈ ಮೂರೇ ದೂರು. ಸಾಮಾನು ಎಲ್ಲರೂ ಒಂದೇ ಹಾಕಿರುತ್ತಾರೆ: ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ, ಜೀರಿಗೆ, ಸೋಡಾ. ಅಳತೆಯೂ ಬಹುಪಾಲು ಸರಿಯೇ ಇರುತ್ತದೆ. ಆದರೂ ಕೆಡುತ್ತದೆ.

ಕಾರಣ ಸರಳ. ಪೂರಿ ಮಾಡಿ ಅಭ್ಯಾಸವಾದ ಕೈಯಲ್ಲೇ ನಾವು ಬನ್ಸ್ ಮಾಡುತ್ತೇವೆ. ಪೂರಿ ಹಿಟ್ಟು ಗಟ್ಟಿ ಇರಬೇಕು, ತೆಳ್ಳಗೆ ಲಟ್ಟಿಸಬೇಕು, ಎಣ್ಣೆ ಚೆನ್ನಾಗಿ ಕಾದಿರಬೇಕು, ಕಲಸಿದ ಅರ್ಧ ಗಂಟೆಯಲ್ಲಿ ಕರಿಯಬಹುದು. ಬನ್ಸ್‌ಗೆ ಈ ನಾಲ್ಕೂ ಉಲ್ಟಾ. ಹಿಟ್ಟು ಮೆತ್ತಗಿರಬೇಕು, ದಪ್ಪಗೆ ಲಟ್ಟಿಸಬೇಕು, ಎಣ್ಣೆ ಹದವಾಗಿ ಮಾತ್ರ ಕಾದಿರಬೇಕು, ಹಿಟ್ಟಿಗೆ ಗಂಟೆಗಟ್ಟಲೆ ವಿಶ್ರಾಂತಿ ಬೇಕು. ಇಷ್ಟು ತಲೆಯಲ್ಲಿದ್ದರೆ ಕೆಳಗಿನ ಹಂತಗಳು ಸುಲಭ.

## ಮೊದಲು ಸಮಯ ನೋಡಿಕೊಳ್ಳಿ

ಬೆಳಿಗ್ಗೆ ಎದ್ದು ಬನ್ಸ್ ಮಾಡೋಣ ಎಂದುಕೊಂಡರೆ ಅವತ್ತೇ ತಿಂಡಿಗೆ ಆಗುವುದಿಲ್ಲ. ಬೆಳಗಿನ ತಿಂಡಿಗೆ ಬೇಕಾದರೆ ಹಿಂದಿನ ರಾತ್ರಿ ಊಟದ ನಂತರ ಕಲಸಿಡಿ. ಸಂಜೆ ಕಾಫಿಗೆ ಬೇಕಾದರೆ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಕಲಸಿದರೆ ಸಾಕು. ಕಲಸಲು ಹದಿನೈದು ನಿಮಿಷ, ಲಟ್ಟಿಸಿ ಕರಿಯಲು ಮುಕ್ಕಾಲು ಗಂಟೆ. ನಡುವಿನ ಹೊತ್ತೆಲ್ಲ ಹಿಟ್ಟು ಸುಮ್ಮನೆ ಕೂತಿರಬೇಕು. ಆ ಹೊತ್ತನ್ನು ಕಡಿಮೆ ಮಾಡಲು ಹೋದವರದ್ದೇ ಬನ್ಸ್ ಜಾಸ್ತಿ ಕೆಡುವುದು.

## ಬೇಕಾಗುವ ಸಾಮಾನು (ಸುಮಾರು 12 ಬನ್ಸ್‌ಗೆ)

- ಚೆನ್ನಾಗಿ ಕಳಿತ ಬಾಳೆಹಣ್ಣು: ಸಿಪ್ಪೆ ತೆಗೆದ ಮೇಲೆ 200 ಗ್ರಾಂ (ಪಚ್ಚಬಾಳೆ ಆದರೆ ಮಧ್ಯಮ ಗಾತ್ರದ್ದು 2)
- ಮೈದಾ: 250 ಗ್ರಾಂ, ಅಂದರೆ ಸುಮಾರು 2 ಕಪ್. ಪಕ್ಕದಲ್ಲಿ ಇನ್ನೊಂದು 50 ಗ್ರಾಂ ಇಟ್ಟುಕೊಂಡಿರಿ
- ಸಕ್ಕರೆ: 3 ದೊಡ್ಡ ಚಮಚ
- ಗಟ್ಟಿ ಹುಳಿ ಮೊಸರು: 2ರಿಂದ 3 ದೊಡ್ಡ ಚಮಚ
- ಅಡುಗೆ ಸೋಡಾ: ಅರ್ಧ ಟೀ ಚಮಚಕ್ಕಿಂತ ಚೂರು ಕಡಿಮೆ
- ಉಪ್ಪು: ಅರ್ಧ ಟೀ ಚಮಚ
- ಜೀರಿಗೆ: 1 ಟೀ ಚಮಚ
- ತುಪ್ಪ: 2 ಟೀ ಚಮಚ
- ಕರಿಯಲು ಎಣ್ಣೆ

ಪಟ್ಟಿಯಲ್ಲಿ ನೀರು ಇಲ್ಲ, ಗಮನಿಸಿದಿರಾ? ಬನ್ಸ್ ಹಿಟ್ಟಿಗೆ ಒಂದು ಹನಿ ನೀರೂ ಬೇಡ. ಬೇಕಾದ ತೇವವೆಲ್ಲ ಹಣ್ಣಿನಿಂದ ಮತ್ತು ಮೊಸರಿನಿಂದಲೇ ಬರಬೇಕು.

ಎಷ್ಟು ಹಣ್ಣು ಎಂದು ಎಣಿಸುವುದಕ್ಕಿಂತ ತೂಗುವುದು ಒಳ್ಳೆಯದು. ಒಂದು ಪಚ್ಚಬಾಳೆಗೂ ಒಂದು ಏಲಕ್ಕಿ ಬಾಳೆಗೂ ಗಾತ್ರದಲ್ಲಿ ಎಷ್ಟು ವ್ಯತ್ಯಾಸ! ‘ಎರಡು ಬಾಳೆಹಣ್ಣು, ಎರಡು ಕಪ್ ಮೈದಾ’ ಎಂಬ ಲೆಕ್ಕ ಹಿಡಿದು ಏಲಕ್ಕಿ ಬಾಳೆಯಲ್ಲಿ ಮಾಡಿದರೆ ಹಿಟ್ಟು ಒಣಗಿ ಕಲ್ಲಾಗುತ್ತದೆ. ಆಗ ನೀರು ಸೇರಿಸುತ್ತೇವೆ, ಅಲ್ಲಿಗೆ ಬನ್ಸ್ ಹಾಳು. ತಕ್ಕಡಿ ಇಲ್ಲದಿದ್ದರೆ ಕಿವುಚಿದ ಹಣ್ಣನ್ನು ಕಪ್ಪಿನಲ್ಲಿ ಅಳೆಯಿರಿ: ಮುಕ್ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ ಬರಬೇಕು.

## ಪಾತ್ರೆ, ಸಲಕರಣೆ

ಅಗಲವಾದ ಒಂದು ಬೋಗುಣಿ, ಚಪಾತಿ ಮಣೆ, ಲಟ್ಟಣಿಗೆ, ತಳ ದಪ್ಪ ಇರುವ ಬಾಣಲೆ, ತೂತಿರುವ ಕರಿಯುವ ಸೌಟು. ಇಷ್ಟೇ. ಬಾಣಲೆ ಮಾತ್ರ ದಪ್ಪನೆಯದೇ ಇರಲಿ. ತೆಳು ಬಾಣಲೆಯಲ್ಲಿ ಎಣ್ಣೆಯ ಕಾವು ಒಂದೇ ಸಮ ಏರಿ ಇಳಿಯುತ್ತದೆ. ಬನ್ಸ್‌ಗೆ ಬೇಕಾದ್ದು ಅಲುಗಾಡದ ಕಾವು. ಕಬ್ಬಿಣದ್ದಾದರೆ ಇನ್ನೂ ಒಳ್ಳೆಯದು.

ಎಣ್ಣೆಯ ಕಾವು ನೋಡುವ ಥರ್ಮಾಮೀಟರ್ ಇದ್ದರೆ ಉಪಯೋಗ. ಇಲ್ಲದಿದ್ದರೂ ತೊಂದರೆ ಇಲ್ಲ, ಕಣ್ಣಲ್ಲೇ ನೋಡುವ ಕ್ರಮ ಹಂತ 7ರಲ್ಲಿದೆ.

## ಹಂತ 1: ಹಣ್ಣು ಆರಿಸುವುದು

ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತುಂಬಿರಬೇಕು, ಒತ್ತಿದರೆ ಮೆತ್ತಗೆ ಒಳಗೆ ಹೋಗಬೇಕು. ಮನೆಯಲ್ಲಿ ಯಾರೂ ತಿನ್ನದೆ ಉಳಿದ ಹಣ್ಣೇ ಬನ್ಸ್‌ಗೆ ಸರಿಯಾದ ಹಣ್ಣು. ಹಣ್ಣು ಕಳಿತಂತೆ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ, ಆ ಪರಿಮಳ ಅರೆಗಾಯಿಯಲ್ಲಿ ಸಿಗುವುದಿಲ್ಲ. ಅರೆಗಾಯಿಯಲ್ಲಿ ಮಾಡಿದರೆ ಹಿಟ್ಟಿನಲ್ಲಿ ಗಂಟು ಉಳಿಯುತ್ತದೆ, ಲಟ್ಟಿಸುವಾಗ ಆ ಗಂಟಿನ ಹತ್ತಿರವೇ ಹರಿಯುತ್ತದೆ.

ಹಾಗೆಂದು ಹುಳಿ ವಾಸನೆ ಬರುವ, ನೀರು ಸುರಿಯುವ, ಬೂಸ್ಟು ಬಂದ ಹಣ್ಣು ಬೇಡ. ಸಿಪ್ಪೆ ಪೂರ್ತಿ ಕಪ್ಪಾಗಿದ್ದರೂ ಒಳಗೆ ಕೆನೆ ಬಣ್ಣ, ಒಳ್ಳೆಯ ವಾಸನೆ ಇದ್ದರೆ ಧಾರಾಳವಾಗಿ ಹಾಕಿ.

ಯಾವ ಜಾತಿ? ಪಚ್ಚಬಾಳೆ ಎಲ್ಲ ಕಡೆ ಸಿಗುತ್ತದೆ, ಅದರಲ್ಲಿ ನೀರಿನಂಶ ಜಾಸ್ತಿ, ಹಿಟ್ಟು ಮೆತ್ತಗಾಗುತ್ತದೆ. ಏಲಕ್ಕಿ ಬಾಳೆ ಅಥವಾ ಪುಟ್ಟಬಾಳೆ ಹಾಕಿದರೆ ಪರಿಮಳ ಚೆನ್ನಾಗಿರುತ್ತದೆ, ಆದರೆ ಹಿಟ್ಟು ಸ್ವಲ್ಪ ಗಟ್ಟಿ. ಅದಕ್ಕೆ ಮೊಸರು ಒಂದು ಚಮಚ ಜಾಸ್ತಿ ಹಾಕಿ. ನೇಂದ್ರ ಬೇಡ, ಅದರಲ್ಲಿ ಪಿಷ್ಟ ಹೆಚ್ಚು. ನಂಜನಗೂಡು ರಸಬಾಳೆ ಸಿಕ್ಕಿದರೆ ದಯವಿಟ್ಟು ಹಾಗೇ ತಿನ್ನಿ, ಎಣ್ಣೆಗೆ ಹಾಕಬೇಡಿ.

## ಹಂತ 2: ಹಣ್ಣಿನ ಮಿಶ್ರಣ

ಬೋಗುಣಿಗೆ ಹಣ್ಣು, ಸಕ್ಕರೆ, ಉಪ್ಪು ಹಾಕಿ ಕೈಯಲ್ಲೇ ಚೆನ್ನಾಗಿ ಕಿವುಚಿ. ಸಕ್ಕರೆ ಪೂರ್ತಿ ಕರಗುವವರೆಗೆ ಕಿವುಚಬೇಕು. ಬೆರಳಲ್ಲಿ ತಿಕ್ಕಿ ನೋಡಿ, ಹರಳು ಸಿಗಬಾರದು. ಕರಗದೆ ಉಳಿದ ಸಕ್ಕರೆ ಎಣ್ಣೆಯಲ್ಲಿ ಸುಟ್ಟು ಬನ್ಸ್ ಮೇಲೆ ಕಪ್ಪು ಚುಕ್ಕೆಯಾಗುತ್ತದೆ.

ಮಿಕ್ಸಿಗೆ ಹಾಕಬಹುದೇ? ಹಾಕಬಹುದು. ಆದರೆ ನುಣ್ಣಗೆ ರುಬ್ಬಿದ ಹಣ್ಣು ನೀರಾಗಿ, ಮೈದಾ ಜಾಸ್ತಿ ಎಳೆಯುತ್ತದೆ. ಕೈಯಲ್ಲಿ ಕಿವುಚಿದರೆ ಅಳತೆ ತಪ್ಪುವುದಿಲ್ಲ. ಸಾಸಿವೆ ಕಾಳಿನಷ್ಟು ಸಣ್ಣ ಚೂರು ಉಳಿದರೆ ಚಿಂತೆ ಇಲ್ಲ, ದೊಡ್ಡ ಚೂರು ಉಳಿಯಬಾರದು.

ಈಗ ಮೊಸರು, ಜೀರಿಗೆ, ತುಪ್ಪ ಸೇರಿಸಿ. ಕೊನೆಗೆ ಸೋಡಾ ಉದುರಿಸಿ ಕಲಸಿ. ಮಿಶ್ರಣ ಹಗುರಾಗಿ, ಸಣ್ಣ ಗುಳ್ಳೆ ಏಳುವುದು ಕಾಣಬೇಕು. ಮೊಸರಿನ ಹುಳಿ ಸೋಡಾದ ಜೊತೆ ಸೇರಿ ಕೆಲಸ ಶುರು ಮಾಡಿದ್ದರ ಗುರುತು ಅದು. ಗುಳ್ಳೆ ಕಾಣದಿದ್ದರೆ ಎರಡೇ ಕಾರಣ: ಮೊಸರು ಹುಳಿ ಇಲ್ಲ, ಅಥವಾ ಸೋಡಾ ಹಳೆಯದು. ಸೋಡಾ ಪರೀಕ್ಷೆ ಮಾಡಲು ಚಿಟಿಕೆ ಸೋಡಾದ ಮೇಲೆ ನಿಂಬೆರಸ ಹಿಂಡಿ. ಬುಸ್ಸೆಂದು ಉಕ್ಕಬೇಕು.

ಸೋಡಾ ವಿಷಯದಲ್ಲಿ ಒಂದು ಎಚ್ಚರಿಕೆ. ಬನ್ಸ್ ಉಬ್ಬಲಿಲ್ಲ ಅಂದ ಕೂಡಲೇ ಮುಂದಿನ ಸಲ ಸೋಡಾ ಜಾಸ್ತಿ ಹಾಕುವವರಿದ್ದಾರೆ. ಎಣ್ಣೆಯಲ್ಲಿ ಬನ್ಸ್ ಚೆಂಡಾಗಿ ಉಬ್ಬುವುದು ಮುಖ್ಯವಾಗಿ ಒಳಗಿನ ತೇವ ಹಬೆಯಾಗುವುದರಿಂದ. ಸೋಡಾ ಕೊಡುವುದು ಒಳಗಿನ ಮೆದುತನ, ಜಾಲರಿಯಂಥ ರಚನೆ. ಜಾಸ್ತಿ ಹಾಕಿದರೆ ಬಾಯಲ್ಲಿ ಸಾಬೂನಿನ ರುಚಿ ಬರುತ್ತದೆ, ಬಣ್ಣ ಬೇಗ ಕಪ್ಪಾಗುತ್ತದೆ, ಎಣ್ಣೆಯನ್ನೂ ಹೀರುತ್ತದೆ. ಮೇಲಿನ ಅಳತೆ ಮೀರಬೇಡಿ.

## ಹಂತ 3: ಮೈದಾ ಕಲಸುವುದು

ಹೆಚ್ಚಿನವರು ಸೋಲುವುದು ಇಲ್ಲಿಯೇ. ಹಾಗಾಗಿ ನಿಧಾನಕ್ಕೆ ಓದಿ.

ಮೈದಾವನ್ನು ಒಂದೇ ಸಲ ಸುರಿಯಬೇಡಿ. ಮೊದಲು 200 ಗ್ರಾಂ ಹಾಕಿ ಬೆರಳಲ್ಲಿ ಕಲಸಿ. ಆಮೇಲೆ ಉಳಿದ 50 ಗ್ರಾಂ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬನ್ನಿ. ಈ ಹೊತ್ತಿಗೆ ಹಿಟ್ಟು ಕೈಗೆ, ಬೋಗುಣಿಗೆ, ಬೆರಳ ಸಂದಿಗೆ ಎಲ್ಲ ಅಂಟಿಕೊಂಡಿರುತ್ತದೆ. ಇದು ತಪ್ಪಾಗಿದೆ ಎಂದು ಅನಿಸುವ ಹೊತ್ತು. ತಪ್ಪಾಗಿಲ್ಲ. ಬನ್ಸ್ ಹಿಟ್ಟು ಕಲಸಿದ ಹೊಸತರಲ್ಲಿ ಹಾಗೆಯೇ ಇರಬೇಕು.

ಅಂಟುತ್ತಿದೆ ಎಂದು ಮೈದಾ ಸುರಿಯುತ್ತಾ ಹೋದರೆ ಏನಾಗುತ್ತದೆ? ಹಿಟ್ಟು ಕೈಗೆ ಅಂಟದೆ ಸೊಗಸಾಗಿ ಉಂಡೆಯಾಗುತ್ತದೆ, ಮನಸ್ಸಿಗೆ ಸಮಾಧಾನ ಆಗುತ್ತದೆ. ಕರಿದ ಮೇಲೆ ಒಳಗೆ ಬಿಗಿ, ಆರಿದ ಮೇಲೆ ರಬ್ಬರ್. ಬಾಳೆಹಣ್ಣಿನ ರುಚಿಯೂ ಮೈದಾದಲ್ಲಿ ಮುಳುಗಿ ಹೋಗಿರುತ್ತದೆ.

ಹದ ತಿಳಿಯುವುದು ಹೀಗೆ. ಕೈಗೆ ಚೂರು ಎಣ್ಣೆ ಸವರಿಕೊಂಡು ಹಿಟ್ಟನ್ನು ಒಟ್ಟು ಮಾಡಿ. ಎಣ್ಣೆ ಕೈಯಲ್ಲಿ ಅದು ಒಂದು ಮುದ್ದೆಯಾಗಿ ನಿಲ್ಲಬೇಕು, ಆದರೆ ಒಣ ಬೆರಳಿಂದ ಮುಟ್ಟಿದರೆ ಅಂಟಬೇಕು. ಮುಟ್ಟಿದಾಗ ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು. ಮುದ್ದೆ ನಿಲ್ಲದೆ ಹರಡಿಕೊಂಡು ಹೋಗುತ್ತಿದ್ದರೆ ಮಾತ್ರ ಪಕ್ಕದಲ್ಲಿಟ್ಟ ಮೈದಾದಿಂದ ಒಂದೊಂದೇ ಚಮಚ ಹಾಕಿ. ಆ 50 ಗ್ರಾಂ ಪೂರ್ತಿ ಬೇಕಾಗುವುದು ಅಪರೂಪ. ಅದಕ್ಕೂ ಮೀರಿ ಬೇಕೆನಿಸಿದರೆ ಹಣ್ಣಿನ ಅಳತೆ ತಪ್ಪಿದೆ ಎಂದು ತಿಳಿಯಿರಿ.

ಚಪಾತಿ ಹಿಟ್ಟಿನಂತೆ ಹತ್ತು ನಿಮಿಷ ನಾದುವ ಅಗತ್ಯ ಇಲ್ಲ. ಎಲ್ಲ ಒಂದಾಗುವಷ್ಟು, ಎರಡು ಮೂರು ನಿಮಿಷ ಸಾಕು. ಉಳಿದ ಕೆಲಸವನ್ನು ಸಮಯವೇ ಮಾಡುತ್ತದೆ. ಜಾಸ್ತಿ ನಾದಿದರೆ ಮೈದಾದ ಜಿಗುಟು ಬಲವಾಗಿ ಲಟ್ಟಿಸುವಾಗ ಹಿಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ.

## ಹಂತ 4: ಹಿಟ್ಟು ನೆನೆಯಲು ಬಿಡುವುದು

ಹಿಟ್ಟಿನ ಮೇಲೆ ತೆಳ್ಳಗೆ ಎಣ್ಣೆ ಸವರಿ, ಮುಚ್ಚಳ ಮುಚ್ಚಿ ಇಡಿ. ಸುಮ್ನೆ ಬಟ್ಟೆ ಮುಚ್ಚಿದರೆ ಮೇಲ್ಭಾಗ ಒಣಗಿ ಚರ್ಮ ಕಟ್ಟುತ್ತದೆ. ಆ ಒಣ ಪದರ ಲಟ್ಟಿಸುವಾಗ ಬಿರುಕು ಬಿಡುತ್ತದೆ, ಬಿರುಕಿನಿಂದ ಹಬೆ ಸೋರಿ ಬನ್ಸ್ ಉಬ್ಬುವುದೇ ಇಲ್ಲ.

ಎಷ್ಟು ಹೊತ್ತು ಎನ್ನುವುದು ನಿಮ್ಮೂರಿನ ಸೆಕೆಯ ಮೇಲೆ ಹೋಗುತ್ತದೆ. ಕರಾವಳಿಯ ಬೇಸಿಗೆಯಲ್ಲಿ 4ರಿಂದ 5 ಗಂಟೆ ಸಾಕು. ಬೆಂಗಳೂರು, ಮೈಸೂರಿನ ಸಾಮಾನ್ಯ ಹವೆಯಲ್ಲಿ 6ರಿಂದ 8 ಗಂಟೆ. ಡಿಸೆಂಬರ್ ಚಳಿಯಲ್ಲಿ ಇಡೀ ರಾತ್ರಿ. ಬೇಸಿಗೆಯಲ್ಲಿ ಇಡೀ ರಾತ್ರಿ ಇಡಬೇಕಾದರೆ ಮೊದಲ 2 ಗಂಟೆ ಹೊರಗಿಟ್ಟು, ಮಲಗುವಾಗ ಫ್ರಿಜ್‌ಗೆ ಹಾಕಿ. ಫ್ರಿಜ್‌ನಲ್ಲಿ ಒಂದು ದಿನ ತಡೆಯುತ್ತದೆ, ಅದಕ್ಕಿಂತ ಜಾಸ್ತಿ ಇಡಬೇಡಿ.

ಈ ಹೊತ್ತಿನಲ್ಲಿ ಮೈದಾ ತೇವವನ್ನು ಪೂರ್ತಿ ಹೀರಿಕೊಳ್ಳುತ್ತದೆ, ಬಿಗಿ ಸಡಿಲವಾಗುತ್ತದೆ, ಮೊಸರಿನ ಹುಳಿ ಹಿಟ್ಟಿಗೆ ಇಳಿಯುತ್ತದೆ. ಬನ್ಸ್‌ನಲ್ಲಿ ಸಿಹಿಯ ಹಿಂದೆ ಒಂದು ಸಣ್ಣ ಹುಳಿ ಇರುತ್ತದೆ ಅಲ್ವಾ, ಅದು ಬರುವುದು ಇಲ್ಲಿಂದಲೇ. ಒಂದು ಗಂಟೆಯಲ್ಲಿ ಕರಿದದ್ದಕ್ಕೆ ಆ ರುಚಿ ಇರುವುದಿಲ್ಲ, ಬರೀ ಸಿಹಿ ಪೂರಿಯಂತಿರುತ್ತದೆ.

ಅಪಾಯದ ಗುರುತುಗಳು: ಮುಚ್ಚಳ ತೆಗೆದಾಗ ಹೆಂಡದ ವಾಸನೆ ಹೊಡೆದರೆ, ಹಿಟ್ಟು ಕೈಗೆತ್ತಿದಾಗ ದಾರದಂತೆ ಜಗ್ಗಿದರೆ, ಮೇಲೆ ನೀರು ಬಿಟ್ಟಿದ್ದರೆ ಹುಳಿ ಮೀರಿದೆ. ಅದನ್ನು ಬಿಸಾಡಿ, ಮೈದಾ ಸೇರಿಸಿ ಉಳಿಸಿಕೊಳ್ಳಲು ಹೋಗಬೇಡಿ. ಹಿಟ್ಟಿನ ಬಣ್ಣ ಸ್ವಲ್ಪ ಕಂದಾಗಿದ್ದರೆ, ಸಣ್ಣ ಕಪ್ಪು ಗೆರೆ ಕಂಡರೆ ಹೆದರಬೇಡಿ. ಹೆಚ್ಚಿಟ್ಟ ಬಾಳೆಹಣ್ಣು ಗಾಳಿಗೆ ಕಪ್ಪಾಗುವಂಥದ್ದೇ ಅದು.

## ಹಂತ 5: ಹಿಟ್ಟು ಸರಿಮಾಡಿ ಉಂಡೆ ಕಟ್ಟುವುದು

ರಾತ್ರಿ ಇಟ್ಟ ಹಿಟ್ಟು ಬೆಳಿಗ್ಗೆ ಇನ್ನೂ ಸಡಿಲವಾಗಿರುತ್ತದೆ. ಸಕ್ಕರೆ ತೇವವನ್ನು ಎಳೆದು ಬಿಡುವುದರಿಂದ ಹೀಗಾಗುತ್ತದೆ. ಇಲ್ಲಿ ಮತ್ತೆ ಮೈದಾ ಡಬ್ಬಕ್ಕೆ ಕೈ ಹೋಗುತ್ತದೆ. ತಡೆಯಿರಿ. ಮೊದಲು ಕೈಗೆ ಎಣ್ಣೆ ಹಚ್ಚಿಕೊಂಡು ಒಂದು ನಿಮಿಷ ಮೆಲ್ಲಗೆ ನಾದಿ. ಬಹಳ ಸಲ ಅಷ್ಟಕ್ಕೇ ಹಿಟ್ಟು ಸುಧಾರಿಸುತ್ತದೆ.

ಆಗಲೂ ತೀರಾ ಅಂಟಿದರೆ 20 ನಿಮಿಷ ಫ್ರಿಜ್‌ನಲ್ಲಿಡಿ, ಬಿಗಿಯಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಮಾತ್ರ 2 ಚಮಚ ಮೈದಾ ಸೇರಿಸಿ. ಸೇರಿಸಿದ ಮೇಲೆ ಅರ್ಧ ಗಂಟೆ ಬಿಡಲೇಬೇಕು. ಹೊಸ ಮೈದಾ ತೇವ ಹೀರದೆ ಎಣ್ಣೆಗೆ ಹೋದರೆ ಹಸಿ ಹಿಟ್ಟಿನ ವಾಸನೆ ಬರುತ್ತದೆ. ದೋಸೆ ಹಿಟ್ಟಿನಷ್ಟು ನೀರಾಗಿದ್ದರೆ ಲಟ್ಟಿಸುವ ಆಸೆ ಬಿಡಿ. ಹುಳಿ ಮೀರದಿದ್ದರೆ ಸಣ್ಣ ಸಣ್ಣ ಬೋಂಡಾದಂತೆ ಎಣ್ಣೆಗೆ ಬಿಟ್ಟು ಕರಿಯಿರಿ, ತಿನ್ನಲು ಚೆನ್ನಾಗಿಯೇ ಇರುತ್ತದೆ.

ಫ್ರಿಜ್‌ನಲ್ಲಿ ರಾತ್ರಿಯಿಡೀ ಇಟ್ಟ ಹಿಟ್ಟನ್ನು ಕರಿಯುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ. ತಣ್ಣಗಿನ ಹಿಟ್ಟು ಎಣ್ಣೆಗೆ ಬಿದ್ದರೆ ಹೊರಗೆ ಕೆಂಪಾಗುವಷ್ಟರಲ್ಲಿ ಒಳಗೆ ಬಿಸಿಯೂ ಮುಟ್ಟಿರುವುದಿಲ್ಲ.

ಉಂಡೆ ಮಧ್ಯಮ ನಿಂಬೆಹಣ್ಣಿನ ಗಾತ್ರ, ಸುಮಾರು 45 ಗ್ರಾಂ. ಅಂಗೈಯಲ್ಲಿ ಉರುಳಿಸಿ ಮೇಲ್ಮೈ ನುಣುಪು ಮಾಡಿ. ಉಂಡೆಯಲ್ಲಿ ಮಡಿಕೆ, ಸೀಳು ಇದ್ದರೆ ಲಟ್ಟಿಸಿದ ಮೇಲೂ ಅದು ಹಾಗೇ ಉಳಿಯುತ್ತದೆ. ಉಂಡೆಗಳನ್ನು ಮುಚ್ಚಿಡಿ.

## ಹಂತ 6: ಲಟ್ಟಿಸುವುದು

ಮಣೆಗೆ ಹಿಟ್ಟು ಉದುರಿಸಬೇಕೋ, ಎಣ್ಣೆ ಹಚ್ಚಬೇಕೋ? ಎಣ್ಣೆ ಒಳ್ಳೆಯದು. ಉದುರಿಸಿದ ಹಿಟ್ಟು ಬಾಣಲೆಯ ತಳಕ್ಕೆ ಇಳಿದು ಸುಡುತ್ತದೆ, ನಾಲ್ಕನೇ ಬನ್ಸ್ ಹೊತ್ತಿಗೆ ಎಣ್ಣೆ ಕಪ್ಪಾಗುತ್ತದೆ, ಕೊನೆಯವುಗಳಿಗೆ ಸುಟ್ಟ ವಾಸನೆ. ಹಿಟ್ಟೇ ಬೇಕೆನಿಸಿದರೆ ಚೂರೇ ಚೂರು ಹಾಕಿ, ಕರಿಯುವ ಮುಂಚೆ ಕೊಡವಿ.

ಒಂದು ಬನ್ಸ್ ಸುಮಾರು 9 ಸೆಂಟಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪ ಇರಬೇಕು. ಅಂಗೈಗಿಂತ ಸಣ್ಣದು, ಪೂರಿಗಿಂತ ಮೂರು ನಾಲ್ಕು ಪಟ್ಟು ದಪ್ಪ. ಲಟ್ಟಣಿಗೆ ಒತ್ತಿ ಹಿಡಿಯಬೇಡಿ. ನಾಲ್ಕೈದು ಸಲ ಹಗುರವಾಗಿ ಆಡಿಸಿದರೆ ಸಾಕು. ಅಂಚು ತೆಳು, ನಡು ದಪ್ಪ ಆಗುವುದು ಸಾಮಾನ್ಯ ತಪ್ಪು. ಹಾಗಾದರೆ ಅಂಚು ಬಿಸ್ಕತ್ತಾಗಿ, ನಡು ಹಸಿ ಉಳಿಯುತ್ತದೆ. ಎಲ್ಲ ಕಡೆ ದಪ್ಪ ಒಂದೇ ಇರಬೇಕು. ದುಂಡಗೆ ಬರದಿದ್ದರೂ ಪರವಾಗಿಲ್ಲ, ಉಬ್ಬುವುದಕ್ಕೂ ಆಕಾರಕ್ಕೂ ಸಂಬಂಧ ಇಲ್ಲ.

ಎಲ್ಲವನ್ನೂ ಲಟ್ಟಿಸಿ ಒಂದರ ಮೇಲೊಂದು ಪೇರಿಸಬೇಡಿ, ಅಂಟಿಕೊಳ್ಳುತ್ತವೆ. ಒಬ್ಬರೇ ಮಾಡುವುದಾದರೆ ಮೂರು ಲಟ್ಟಿಸಿ, ಎಣ್ಣೆ ಸವರಿದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಡಿ. ಅದನ್ನು ಕರಿದು ಮುಗಿಸಿ ಮುಂದಿನ ಮೂರಕ್ಕೆ ಹೋಗಿ.

## ಹಂತ 7: ಎಣ್ಣೆ ಕಾಯಿಸುವುದು

ಬಾಣಲೆಯ ನಡುವೆ ಎಣ್ಣೆ ಕನಿಷ್ಠ 5 ಸೆಂಟಿಮೀಟರ್ ಆಳ ಇರಲಿ. ಆದರೆ ಬಾಣಲೆಯ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಎಣ್ಣೆ ಕಡಿಮೆ ಇದ್ದರೆ ಬನ್ಸ್ ತಳಕ್ಕೆ ತಾಗಿ ಅಲ್ಲೇ ಕಪ್ಪಾಗುತ್ತದೆ. ಸೂರ್ಯಕಾಂತಿ ಎಣ್ಣೆ, ಕಡಲೆಕಾಯಿ ಎಣ್ಣೆ ಎರಡೂ ಸರಿ. ತೆಂಗಿನೆಣ್ಣೆಯಲ್ಲಿ ಕರಿದರೆ ಪರಿಮಳವೇ ಬೇರೆ. ಆದರೆ ಗಾಣದ ತೆಂಗಿನೆಣ್ಣೆ ಬೇಗ ಹೊಗೆಯಾಡುತ್ತದೆ, ಉರಿಯ ಮೇಲೆ ಕಣ್ಣಿರಬೇಕು.

ಕಾವು 170 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು. ಥರ್ಮಾಮೀಟರ್ ಇಲ್ಲದವರು ಕಡಲೆಕಾಳಿನಷ್ಟು ಹಿಟ್ಟು ಹಾಕಿ ನೋಡಿ. ಅದು ಕೆಳಗೆ ಹೋಗಿ, ಮೂರು ನಾಲ್ಕು ಎಣಿಸುವಷ್ಟರಲ್ಲಿ ಗುಳ್ಳೆ ಸಮೇತ ಮೇಲೆ ಬರಬೇಕು, ನಿಧಾನಕ್ಕೆ ಹೊಂಬಣ್ಣ ತಿರುಗಬೇಕು. ತಳದಲ್ಲೇ ಕೂತರೆ ಎಣ್ಣೆ ಕಾದಿಲ್ಲ. ಹಾಕಿದ ತಕ್ಷಣ ಚಿಮ್ಮಿ ಮೇಲೆ ಬಂದು ಕೆಂಪಾದರೆ ಕಾವು ಜಾಸ್ತಿ. ಆಗ ಉರಿ ಆರಿಸಿ ಎರಡು ನಿಮಿಷ ಕಾಯಿರಿ. ಎಣ್ಣೆ ಹೊಗೆಯಾಡಿದರೆ ಬನ್ಸ್ ಹಾಕಲೇಬೇಡಿ.

ಪೂರಿ ಕಾವಿನಲ್ಲಿ ಬನ್ಸ್ ಯಾಕೆ ಸುಡುತ್ತದೆ ಎಂದರೆ, ಹಿಟ್ಟಿನಲ್ಲಿ ಹಣ್ಣಿನ ಸಕ್ಕರೆಯೂ ಇದೆ, ಹಾಕಿದ ಸಕ್ಕರೆಯೂ ಇದೆ. ಸಕ್ಕರೆ ಬೇಗ ಕಂದಾಗುತ್ತದೆ. ಜೊತೆಗೆ ಬನ್ಸ್ ದಪ್ಪ, ಒಳಗೆ ಬೇಯಲು ಹೊತ್ತು ಬೇಕು. ಹೊರಗಿನ ಬಣ್ಣ, ಒಳಗಿನ ಬೇಯುವಿಕೆ ಎರಡೂ ಒಟ್ಟಿಗೆ ಮುಗಿಯಬೇಕಾದರೆ ಕಾವು ತಗ್ಗಿರಲೇಬೇಕು.

## ಹಂತ 8: ಕರಿಯುವುದು

ಒಂದು ಸಲಕ್ಕೆ ಒಂದೇ ಬನ್ಸ್. ದೊಡ್ಡ ಬಾಣಲೆ ಇದ್ದರೂ ಕೈ ಕೂರುವವರೆಗೆ ಒಂದೇ ಹಾಕಿ.

ಬಾಣಲೆಯ ಅಂಚಿನಿಂದ ಮೆಲ್ಲಗೆ ಜಾರಿಸಿ. ಮೇಲಿಂದ ಹಾಕಿದರೆ ಎಣ್ಣೆ ಸಿಡಿಯುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ಅದು ತೇಲಿ ಬರುತ್ತದೆ. ಬಂದ ಕೂಡಲೇ ಸೌಟಿನಿಂದ ಬಿಸಿ ಎಣ್ಣೆಯನ್ನು ಮೇಲೆ ಚಿಮುಕಿಸುತ್ತಾ ಬನ್ನಿ, ಸೌಟಿನ ಬೆನ್ನಿಂದ ಅಂಚನ್ನು ಹಗುರವಾಗಿ ಒತ್ತಿ. ಮೇಲ್ಪದರ ಬೆಂದು ಗಟ್ಟಿಯಾದರೆ ಒಳಗಿನ ಹಬೆ ಹೊರಗೆ ಹೋಗಲು ದಾರಿ ಸಿಗದೆ ಬನ್ಸ್ ಉಬ್ಬುತ್ತದೆ. ಜೋರಾಗಿ ಒತ್ತಿ ತೂತು ಮಾಡಿದರೆ ಹಬೆಯೆಲ್ಲ ಹೋಗಿ, ಆ ತೂತಿನಿಂದ ಎಣ್ಣೆ ಒಳಗೆ ನುಗ್ಗುತ್ತದೆ.

ಉಬ್ಬಿದ ಮೇಲೆ ಅವಸರ ಪಡಬೇಡಿ. ಕೆಳಭಾಗ ಹೊಂಬಣ್ಣಕ್ಕೆ ಬಂದ ಮೇಲೆ ತಿರುಗಿಸಿ, ಉರಿ ಚೂರು ತಗ್ಗಿಸಿ. ಎರಡನೇ ಮಗ್ಗುಲಿಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಒಟ್ಟು ಒಂದೂವರೆಯಿಂದ ಎರಡು ನಿಮಿಷ. ಬಣ್ಣ ಪೂರಿಯಂತೆ ತಿಳಿ ಇರಬಾರದು, ಗಾಢ ಕಂದು ಬರಬೇಕು. ತಿಳಿ ಬಣ್ಣದಲ್ಲಿ ತೆಗೆದದ್ದು ಒಳಗೆ ಖಂಡಿತ ಹಸಿ. ಅರ್ಧ ನಿಮಿಷದಲ್ಲೇ ಗಾಢ ಕಂದಾದರೆ ಅದೂ ಹಸಿಯೇ, ಕಾವು ಇಳಿಸಿ.

ಮೊದಲನೆಯದನ್ನು ತೆಗೆದು ಒಂದು ನಿಮಿಷ ಬಿಟ್ಟು ಮುರಿದು ನೋಡಿ. ಇದನ್ನು ಬಿಡಲೇಬೇಡಿ, ಉಳಿದ ಹನ್ನೊಂದರ ಗತಿ ಇದರಲ್ಲೇ ಗೊತ್ತಾಗುತ್ತದೆ. ಒಳಗೆ ಜಾಲರಿ ಕಾಣಬೇಕು, ಬೆರಳಿಂದ ಒತ್ತಿದರೆ ಹಿಟ್ಟು ಅಂಟಬಾರದು. ಅಂಟಿನ ಪಟ್ಟಿ ಕಂಡರೆ ಮುಂದಿನದನ್ನು ಚೂರು ತೆಳ್ಳಗೆ ಲಟ್ಟಿಸಿ, ಉರಿ ಇನ್ನೂ ಸಣ್ಣ ಮಾಡಿ.

ಪ್ರತಿ ಬನ್ಸ್ ಹಾಕಿದಾಗಲೂ ಎಣ್ಣೆಯ ಕಾವು ಇಳಿಯುತ್ತದೆ. ತೆಗೆದ ಮೇಲೆ ಅರ್ಧ ನಿಮಿಷ ಕಾದು ಮುಂದಿನದನ್ನು ಹಾಕಿ. ತೆಗೆದದ್ದನ್ನು ಸೌಟಿನಲ್ಲೇ ಬಾಣಲೆಯ ಅಂಚಿಗೆ ಓರೆ ಹಿಡಿದು ಎಣ್ಣೆ ಸೋರಿಸಿ, ಆಮೇಲೆ ತೂತಿನ ತಟ್ಟೆಯ ಮೇಲೆ ಇಡಿ. ಕಾಗದದ ಮೇಲೆ ಬಿಸಿಬಿಸಿ ಇಟ್ಟರೆ ಕೆಳಗೆ ಬೆವರಿ ಒದ್ದೆಯಾಗುತ್ತದೆ.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ಗ್ಯಾಸ್ ಆರಿಸಿ, ದೊಡ್ಡ ಮುಚ್ಚಳ ಮುಚ್ಚಿ, ಬಾಣಲೆ ಅಲುಗಾಡಿಸದೆ ತಣ್ಣಗಾಗಲು ಬಿಡಿ. ಬನ್ಸ್ ಕರಿಯುವಾಗ ಮಕ್ಕಳು ಒಲೆಯ ಹತ್ತಿರ ಬಂದೇ ಬರುತ್ತಾರೆ, ಬಾಣಲೆಯ ಹಿಡಿ ಗೋಡೆಯ ಕಡೆಗಿರಲಿ.

## ಕೆಟ್ಟರೆ ಎಲ್ಲಿ ಹುಡುಕಬೇಕು

ಉಬ್ಬಲಿಲ್ಲ. ತೆಳ್ಳಗೆ ಲಟ್ಟಿಸಿದ್ದೀರಿ, ಅಥವಾ ಎಣ್ಣೆ ಕಾದಿರಲಿಲ್ಲ, ಅಥವಾ ಮೇಲೆ ಬಿರುಕಿತ್ತು. ಈ ಕ್ರಮದಲ್ಲೇ ಪರೀಕ್ಷಿಸಿ. ಸೋಡಾವನ್ನು ಕೊನೆಗೆ ಅನುಮಾನಿಸಿ. ಉಬ್ಬದಿದ್ದರೂ ಒಳಗೆ ಮೆತ್ತಗೆ ಬೆಂದಿದ್ದರೆ ಅದು ಒಳ್ಳೆಯ ಬನ್ಸ್, ಬೇಸರ ಬೇಡ.

ಎಣ್ಣೆ ಹೀರಿತು. ಹತ್ತರಲ್ಲಿ ಒಂಬತ್ತು ಸಲ ಎಣ್ಣೆ ತಣ್ಣಗಿರುವುದೇ ಕಾರಣ. ಉಳಿದದ್ದು ಸೋಡಾ ಜಾಸ್ತಿ, ಅಥವಾ ಹಿಟ್ಟು ನೀರು.

ಗಟ್ಟಿಯಾಯಿತು. ಮೈದಾ ಜಾಸ್ತಿ, ನೆನೆದದ್ದು ಕಡಿಮೆ. ಬೇರೆ ಕಾರಣ ಹುಡುಕುವುದು ಬೇಡ.

ಕಹಿ ಬಂತು. ಸೋಡಾ ಸರಿಯಾಗಿ ಬೆರೆತಿಲ್ಲ, ಅಥವಾ ಜಾಸ್ತಿಯಾಗಿದೆ. ಗಂಟು ಕಟ್ಟಿದ ಸೋಡಾವನ್ನು ಬೆರಳಲ್ಲಿ ಪುಡಿ ಮಾಡಿ ಹಾಕಬೇಕು.

## ಗೋಧಿ ಹಿಟ್ಟಿನಲ್ಲಿ ಮಾಡುವವರಿಗೆ

ಪೂರ್ತಿ ಗೋಧಿ ಹಿಟ್ಟಿನಲ್ಲಿ ಬನ್ಸ್ ಆಗುತ್ತದೆ, ಆದರೆ ಅಷ್ಟು ಉಬ್ಬುವುದಿಲ್ಲ, ಒಳಗಿನ ಜಾಲರಿಯೂ ಸಣ್ಣದು. ಮೊದಲ ಸಲ ಅರ್ಧ ಮೈದಾ, ಅರ್ಧ ಗೋಧಿ ಹಾಕಿ ನೋಡಿ. ಗೋಧಿ ಹಿಟ್ಟು ತೇವ ಜಾಸ್ತಿ ಎಳೆಯುತ್ತದೆ, ಹಾಗಾಗಿ ಒಂದೆರಡು ಚಮಚ ಮೊಸರು ಹೆಚ್ಚಿಗೆ ಬೇಕು. ಕಲಸುವಾಗ ಮೈದಾ ಹಿಟ್ಟಿಗಿಂತಲೂ ಮೆತ್ತಗಿಡಿ.

## ಹೊರದೇಶದ ಅಡುಗೆಮನೆಯಲ್ಲಿ

ಅಮೆರಿಕದಲ್ಲಿ ಮೈದಾ ಬದಲು ಆಲ್ ಪರ್ಪಸ್ ಹಿಟ್ಟು ತೆಗೆದುಕೊಳ್ಳಿ, ಸರಿಹೋಗುತ್ತದೆ. ಇಂಗ್ಲೆಂಡಿನಲ್ಲಿ ಪ್ಲೇನ್ ಫ್ಲೋರ್ ಎಂದು ಬರೆದಿರುವುದೇ ಬೇಕು. ಸೆಲ್ಫ್ ರೈಸಿಂಗ್ ಎಂದಿದ್ದರೆ ಅದರಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆಸಿರುತ್ತಾರೆ, ಅದು ಬೇಡ. ನಮಗೆ ಬೇಕಾದ್ದು ಬೇಕಿಂಗ್ ಸೋಡಾ. ಬೇಕಿಂಗ್ ಪೌಡರ್ ಬೇರೆ ವಸ್ತು, ಡಬ್ಬ ನೋಡಿ ಹಾಕಿ.

ಅಂಗಡಿಯ ಯೋಗರ್ಟ್ ಸಾಮಾನ್ಯವಾಗಿ ನಮ್ಮ ಮೊಸರಿನಷ್ಟು ಹುಳಿ ಇರುವುದಿಲ್ಲ. ಅದಕ್ಕೆ ಅರ್ಧ ಟೀ ಚಮಚ ನಿಂಬೆರಸ ಸೇರಿಸಿ. ಚಳಿಗಾಲದಲ್ಲಿ ಹಿಟ್ಟನ್ನು ದೀಪ ಮಾತ್ರ ಹಚ್ಚಿದ, ಕಾಯಿಸದ ಓವನ್ ಒಳಗೆ ಇಟ್ಟರೆ ಬೆಚ್ಚಗಿರುತ್ತದೆ. ಕರೆಂಟಿನ ಒಲೆಯಾದರೆ ಗುಂಡಿ ತಿರುಗಿಸಿದ ಕೂಡಲೇ ಕಾವು ಇಳಿಯುವುದಿಲ್ಲ. ಎಣ್ಣೆ ಜಾಸ್ತಿ ಕಾದರೆ ಬಾಣಲೆಯನ್ನೇ ಹುಷಾರಾಗಿ ಪಕ್ಕದ ಆರಿದ ಒಲೆಗೆ ಸರಿಸಬೇಕಾಗುತ್ತದೆ. ಆದಷ್ಟು ಆ ಸ್ಥಿತಿ ಬಾರದಂತೆ ಮೊದಲಿಂದಲೇ ಮಧ್ಯಮಕ್ಕಿಂತ ಕಡಿಮೆಯಲ್ಲಿ ನಿಧಾನಕ್ಕೆ ಕಾಯಿಸಿ.

## ಬಡಿಸುವುದು, ಎತ್ತಿಡುವುದು

ಜೊತೆಗೆ ಹಸಿಮೆಣಸು, ಶುಂಠಿ ಹಾಕಿದ ಖಾರದ ತೆಂಗಿನಕಾಯಿ ಚಟ್ನಿ ಇರಲಿ, ಸಾಂಬಾರ್ ಇದ್ದರೆ ಇನ್ನೂ ಚೆನ್ನ. ಸಿಹಿಗೆ ಖಾರ ಸೇರಿದರೇ ಬನ್ಸ್ ರುಚಿ ಪೂರ್ತಿ ಗೊತ್ತಾಗುವುದು.

ಬನ್ಸ್ ಮರುದಿನವೂ ಮೆತ್ತಗಿರುತ್ತದೆ, ಪ್ರಯಾಣಕ್ಕೆ ಕಟ್ಟಿಕೊಂಡು ಹೋಗುವುದು ಅದಕ್ಕೇ. ಆದರೆ ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಬಿಸಿಯಲ್ಲಿ ಮುಚ್ಚಿದರೆ ಹಬೆ ನೀರಾಗಿ, ಸೆಕೆಯಲ್ಲಿ ಮರುದಿನಕ್ಕೆ ಬೂಸ್ಟು ಬರಬಹುದು. ಎರಡನೇ ದಿನಕ್ಕೆ ಉಳಿದದ್ದನ್ನು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಬಿಸಿ ಮಾಡಿ. ಮೈಕ್ರೋವೇವ್‌ನಲ್ಲಿ ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಇಟ್ಟರೆ ಆರಿದ ಕೂಡಲೇ ಗಟ್ಟಿಯಾಗುತ್ತದೆ.

ಕರಿದ ಎಣ್ಣೆ ತಣಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಕಪ್ಪು ಚೂರು ಉಳಿದರೆ ಅದನ್ನು ಬಿಟ್ಟುಬಿಡಿ. ಸೋಸಿದ ಎಣ್ಣೆಯನ್ನು ಒಂದೆರಡು ದಿನದಲ್ಲಿ ಒಗ್ಗರಣೆಗೆ ಬಳಸಿ ಮುಗಿಸಿ. ಮತ್ತೆ ಕರಿಯಲು ಬೇಡ.